ಆರನೇ ಗುಂಡು ಮುಂದಕ್ಕೆ ಸರಿಯುತ್ತಿದೆ: ತಪ್ಪು ಕ್ರಿಂಪ್‌ನದೋ, ಮದ್ದಿನದೋ?

ಆರುಮನೆ
ತೋಟಾ ನಾನೇ ತುಂಬಿಕೊಳ್ಳುತ್ತೇನೆ. .357 ಮ್ಯಾಗ್ನಮ್, ಹಗುರ ಚೌಕಟ್ಟಿನ ಆರು ಗುಂಡಿನ ರಿವಾಲ್ವರ್, ನಳಿಗೆ ಮೂರು ಇಂಚು. 158 ಗ್ರೇನ್ (ತೂಕದ ಸಣ್ಣ ಅಳತೆ) ಜಾಕೆಟ್ ಗುಂಡು (ಸೀಸದ ಮೇಲೆ ತಾಮ್ರದ ಹೊದಿಕೆ), ಎಚ್110 ಮದ್ದು, ಮ್ಯಾಗ್ನಮ್ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು). ಮದ್ದಿನ ತೂಕ ತಯಾರಕರ ಪಟ್ಟಿಯಲ್ಲಿರುವಷ್ಟೇ. ತೊಂದರೆ ಏನೆಂದರೆ, ಐದು ಹೊಡೆದ ಮೇಲೆ ಆರನೇ ತೋಟಾ ತೆಗೆದು ಅಳೆದರೆ ಉದ್ದ 1.580 ಇಂಚಿನಿಂದ 1.606ಕ್ಕೆ ಹೋಗಿದೆ. ಗುಂಡು ಕೇಸಿನಿಂದ (ಮದ್ದು ತುಂಬುವ ಹಿತ್ತಾಳೆ ಕೊಳವೆ) ಹೊರಗೆ ಬರುತ್ತಿದೆ. ಕೇಸಿನ ಬಾಯಿಯನ್ನು ಗುಂಡಿಗೆ ಬಿಗಿಯಾಗಿ ಒತ್ತುವ, ಅಂದರೆ ಕ್ರಿಂಪ್ ಮಾಡುವ ಅಚ್ಚನ್ನು (ಡೈ) ಇನ್ನಷ್ಟು ಕೆಳಗಿಳಿಸಿದರೆ ಕೆಲವು ಕೇಸುಗಳ ಬಾಯಿಯ ಕೆಳಗೆ ಉಬ್ಬು ಬಂದು ಚೇಂಬರಿಗೆ (ಸಿಲಿಂಡರಿನಲ್ಲಿ ತೋಟಾ ಕೂರುವ ತೂತು) ಇಳಿಯುವುದೇ ಇಲ್ಲ. ಅದೇ ಸೆಟ್ಟಿಂಗ್‌ನಲ್ಲಿ ಇನ್ನು ಕೆಲವಕ್ಕೆ ಕ್ರಿಂಪ್ ಆಗಿದೆಯೋ ಇಲ್ಲವೋ ಅನ್ನುವ ಹಾಗಿದೆ. ಕ್ರಿಂಪ್ ಬಿಗಿ ಮಾಡಲೋ, ಮದ್ದೇ ಬದಲಿಸಲೋ?

ಹಿತ್ತಾಳೆಪ್ರಿಯ
ಕೇಸುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದ್ದೀರಾ?

ಆರುಮನೆ
ಇಲ್ಲ. ನೇರ ಗೋಡೆಯ ಕೇಸಿಗೆ ಕತ್ತರಿಸುವುದು ಬೇಕಿಲ್ಲ ಅಂತ ಎಲ್ಲರೂ ಹೇಳ್ತಾರಲ್ಲ.

ಹಿತ್ತಾಳೆಪ್ರಿಯ
ಅದು ಅರ್ಧ ಸತ್ಯ. ರಿಮ್ (ಬುಡದಲ್ಲಿ ಹೊರಚಾಚಿದ ಅಂಚು) ಇರುವ ಕೇಸು ಚೇಂಬರಿನಲ್ಲಿ ರಿಮ್ಮಿನ ಮೇಲೆ ಕೂರುತ್ತದೆ, ಹಾಗಾಗಿ ಉದ್ದ ಸ್ವಲ್ಪ ಹೆಚ್ಚುಕಡಿಮೆ ಆದರೂ ಸಿಡಿಯುವುದಕ್ಕೆ ಅಡ್ಡಿ ಇಲ್ಲ. ಆದರೆ ಕ್ರಿಂಪ್‌ಗೆ ಉದ್ದವೇ ಪ್ರಾಣ. ಲೆಕ್ಕ ನೋಡಿ: ಡೈಯ ತಿರುಪು ಇಂಚಿಗೆ 14 ಸುತ್ತು. ಒಂದು ಪೂರ್ತಿ ಸುತ್ತಿಗೆ ಡೈ ಇಳಿಯುವುದು ಸುಮಾರು 0.071 ಇಂಚು, ಎಂಟನೇ ಒಂದು ಸುತ್ತಿಗೆ 0.009. ನಿಮ್ಮ ರಾಶಿಯಲ್ಲಿ ಒಂದು ಕೇಸು 1.290, ಇನ್ನೊಂದು 1.280 ಇದ್ದರೆ, ಆ 0.010 ವ್ಯತ್ಯಾಸವೇ ಡೈಯನ್ನು ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಿದ್ದಕ್ಕೆ ಸಮ. ಉದ್ದದ ಕೇಸು ಉಬ್ಬುತ್ತದೆ, ಗಿಡ್ಡದ್ದು ಬರೀ ಮುಟ್ಟಿ ಬಿಡುತ್ತದೆ. ನೀವು ಹೇಳಿದ ಎರಡೂ ಲಕ್ಷಣ ಇದೇ.

.357ಕ್ಕೆ ಗರಿಷ್ಠ 1.290, ಕತ್ತರಿಸುವ ಅಳತೆ 1.280. ಒಮ್ಮೆ ಎಲ್ಲವನ್ನೂ ಸಮ ಮಾಡಿ, ಒಳಬಾಯಿ ಹೊರಬಾಯಿ ಎರಡರ ಚೂಪನ್ನೂ ಸ್ವಲ್ಪ ಸವರಿ. ನೇರ ಗೋಡೆಯ ಕೇಸು ರೈಫಲ್ ಕೇಸಿನಷ್ಟು ಬೆಳೆಯುವುದಿಲ್ಲ, ಹಾಗಾಗಿ ಈ ಕೆಲಸ ಹೆಚ್ಚುಕಡಿಮೆ ಒಂದೇ ಸಲದ್ದು.

ಗೀರುಗೆರೆ
ಇದರ ಜೊತೆಗೆ ಇನ್ನೊಂದು. ಕೂರಿಸುವುದು, ಕ್ರಿಂಪ್ ಮಾಡುವುದು ಎರಡನ್ನೂ ಒಂದೇ ಡೈಯಲ್ಲಿ ಒಂದೇ ಎಳೆತಕ್ಕೆ ಮಾಡ್ತಿದ್ದರೆ ಅದನ್ನು ಬಿಡಿ. ಕೇಸಿನ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತಿರುವಾಗಲೂ ಗುಂಡು ಇನ್ನೂ ಕೆಳಗೆ ಇಳೀತಾ ಇರತ್ತೆ. ಸೀಸದ ಗುಂಡಾದರೆ ಬಾಯಿ ಅದನ್ನು ಸಿಪ್ಪೆ ಸುಲಿದ ಹಾಗೆ ಕೆರೆಯತ್ತೆ. ಜಾಕೆಟ್ ಗುಂಡಾದರೆ ಬಾಯಿ ಹಿಡಿದುಕೊಂಡು ಗೋಡೆ ಹೊರಕ್ಕೆ ಬಾಗತ್ತೆ, ಅದೇ ನಿಮ್ಮ ಉಬ್ಬು. ಮೊದಲ ಸುತ್ತಿನಲ್ಲಿ ಗುಂಡು ಬರೀ ಕೂರಿಸಿ. ಎರಡನೇ ಸುತ್ತಿನಲ್ಲಿ ಬರೀ ಕ್ರಿಂಪ್.

ತಕ್ಕಡಿ
ಒಂದೇ ಡೈ ಇದ್ದರೂ ಪರವಾಗಿಲ್ಲ, ಎರಡು ಸೆಟ್ಟಿಂಗ್‌ನಲ್ಲಿ ಮಾಡಬಹುದು. ಕ್ರಮ ಹೀಗೆ:

ಡೈಯ ಮೈಯನ್ನು ಮೇಲೆ ಬಿಟ್ಟು, ಒಳಗಿನ ಕೂರಿಸುವ ಕಡ್ಡಿಯಿಂದ ಎಲ್ಲ ಗುಂಡುಗಳನ್ನೂ ಕೂರಿಸಿ. ಕೇಸಿನ ಬಾಯಿ ಗುಂಡಿನ ಸೊಂಟದ ಗೀರಿನ ಮೇಲ್ಭಾಗದ ಹತ್ತಿರ ನಿಲ್ಲಬೇಕು, ಗೀರಿನ ಚೂರು ಕಣ್ಣಿಗೆ ಕಾಣಬೇಕು. ಎಲ್ಲ ಮುಗಿದ ಮೇಲೆ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಕೂರಿಸಿದ ಒಂದು ತೋಟಾ ಇಟ್ಟು, ಅದನ್ನು ಡೈಗೆ ತಳ್ಳುವ ಪ್ರೆಸ್ಸಿನ ದಂಡ, ಅಂದರೆ ರ‍್ಯಾಮ್ ಪೂರ್ತಿ ಮೇಲೆತ್ತಿ, ಡೈಯ ಮೈಯನ್ನು ಕೈಯಲ್ಲಿ ತಿರುಗಿಸುತ್ತಾ ಬಾಯಿಗೆ ತಾಗುವವರೆಗೆ ಇಳಿಸಿ. ರ‍್ಯಾಮ್ ಇಳಿಸಿ, ಡೈ ಎಂಟನೇ ಒಂದು ಸುತ್ತು ಕೆಳಗೆ, ಮತ್ತೆ ಎತ್ತಿ, ತೆಗೆದು ನೋಡಿ. ಹೀಗೆ ಎರಡು ಮೂರು ಸಲ. ಬಾಯಿಯ ಅಂಚು ಗೀರಿನೊಳಕ್ಕೆ ಮಡಚಿ, ಬೆರಳ ತುದಿಯಲ್ಲಿ ಸವರಿದರೆ ಚೂಪು ಸಿಗದಿದ್ದರೆ ಸಾಕು. ಅಲ್ಲಿ ಬೀಗದ ನಟ್ ಬಿಗಿ ಮಾಡಿ.

ಉಬ್ಬು ಬಂತೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ರಿವಾಲ್ವರ್ ಕೈಗೆತ್ತಿಕೊಳ್ಳುವ ಮೊದಲು ಚೇಂಬರ್ ಗೇಜಿಗೆ (ಚೇಂಬರಿನಷ್ಟೇ ಅಳತೆಯ ತೂತಿರುವ ಸಾಧನ) ಹಾಕಿ ನೋಡಿ. ಗೇಜ್ ಇಲ್ಲದಿದ್ದರೆ ಚೌಕಟ್ಟಿನಿಂದ ಬಿಚ್ಚಿದ ಸಿಲಿಂಡರ್ ಸಾಕು. ತನ್ನ ತೂಕಕ್ಕೇ ಒಳಗೆ ಬಿದ್ದು ತನ್ನ ತೂಕಕ್ಕೇ ಹೊರಬರಬೇಕು.

ಒಳಹಿಡಿತ
ಎಲ್ಲರೂ ಕ್ರಿಂಪ್ ಕ್ರಿಂಪ್ ಅಂತಿದ್ದೀರಿ. ಗುಂಡನ್ನು ಹಿಡಿಯುವುದು ಕ್ರಿಂಪ್ ಅಲ್ಲ, ಕೇಸಿನ ಗೋಡೆಯ ಹಿಡಿತ. ಕ್ರಿಂಪ್ ಬಾಗಿಲಿನ ಚಿಲಕ ಇದ್ದ ಹಾಗೆ, ಬಾಗಿಲೇ ಸಡಿಲ ಇದ್ದರೆ ಚಿಲಕ ಎಷ್ಟು ದಿನ ತಡೆದೀತು?

ಪರೀಕ್ಷೆ ಸುಲಭ. ಸೈಜ್ ಮಾಡಿ (ಡೈಯಲ್ಲಿ ಒತ್ತಿ ಮೊದಲಿನ ಅಳತೆಗೆ ಕಿರಿದಾಗಿಸಿ), ಬಾಯಿ ಅರಳಿಸಿದ ಕೇಸಿಗೆ ಮದ್ದು, ಪ್ರೈಮರ್ ಎರಡೂ ಇಲ್ಲದೆ ಗುಂಡು ಕೂರಿಸಿ. ಕ್ರಿಂಪ್ ಮಾಡಬೇಡಿ. ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳ ಬಲದಲ್ಲಿ ಒತ್ತಿ. ಗುಂಡು ಒಳಕ್ಕೆ ಜಾರಿತು ಅಂದರೆ ಹಿಡಿತ ಇಲ್ಲ. ಅಲ್ಲಿ ಯಾವ ಕ್ರಿಂಪ್ ಹಾಕಿದರೂ ಪ್ರಯೋಜನ ಇಲ್ಲ.

ಹಿಡಿತ ಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಬಾಯಿ ಅರಳಿಸುವ ಎಕ್ಸ್‌ಪ್ಯಾಂಡರ್. ಅದರ ವ್ಯಾಸ ಗುಂಡಿಗಿಂತ 0.002ರಿಂದ 0.003 ಇಂಚು ಕಡಿಮೆ ಇರಬೇಕು. .357 ಜಾಕೆಟ್ ಗುಂಡಿಗೆ .3545 ಸುತ್ತಮುತ್ತ ಇದ್ದರೆ ಚೆನ್ನು. ಸೀಸದ .358 ಗುಂಡಿಗೆಂದು ಮಾಡಿದ ದಪ್ಪ ಎಕ್ಸ್‌ಪ್ಯಾಂಡರನ್ನು ಜಾಕೆಟ್ ಗುಂಡಿಗೂ ಬಳಸುತ್ತಿದ್ದರೆ ತಪ್ಪು ಅಲ್ಲೇ ಇದೆ. ಆ ಕಡ್ಡಿಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಇನ್ನೊಂದು, ಬಾಯಿ ಅರಳಿಸುವುದು ಗುಂಡಿನ ಬುಡ ನಿಲ್ಲುವಷ್ಟು ಮಾತ್ರ. ಗಂಟೆಯ ಹಾಗೆ ಅರಳಿಸಿದರೆ ಹಿತ್ತಾಳೆ ಬೇಗ ಗಡುಸಾಗಿ ಬಾಯಿ ಸೀಳುತ್ತದೆ.

ಗೀರುಗೆರೆ
@ಒಳಹಿಡಿತ ಹಿಡಿತ ಬೇಕು, ಒಪ್ಪಿದೆ. ಆದರೆ "ಕ್ರಿಂಪ್ ಅಲ್ಲ" ಅನ್ನುವುದನ್ನು ಒಪ್ಪಲ್ಲ. ಹಗುರ ರಿವಾಲ್ವರಿನಲ್ಲಿ ಪೂರ್ತಿ ಶಕ್ತಿಯ ಮ್ಯಾಗ್ನಮ್ ಹೊಡೆದಾಗ ಬಂದೂಕು ಹಿಂದಕ್ಕೆ ಜಿಗಿಯತ್ತೆ, ಕೇಸಿನ ರಿಮ್ ಸಿಲಿಂಡರಿನ ಜೊತೆ ಹಿಂದಕ್ಕೆ ಹೋಗತ್ತೆ, ಒಳಗಿನ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡತ್ತೆ. ಬಂದೂಕು ಹಗುರ ಆದಷ್ಟೂ ಈ ಎಳೆತ ಜಾಸ್ತಿ, ಗುಂಡು ಭಾರ ಆದಷ್ಟೂ ಜಾಸ್ತಿ. ಅಂಥ ಕಡೆ ಗೀರಿನೊಳಗೆ ಮಡಚಿದ ರೋಲ್ ಕ್ರಿಂಪ್ ಇಲ್ಲದೆ ಬರೀ ಗೋಡೆಯ ಹಿಡಿತ ಸಾಲಲ್ಲ. ಹಿಡಿತ ಮತ್ತು ಕ್ರಿಂಪ್ ಎರಡೂ ಬೇಕು.

ಒಳಹಿಡಿತ
ಸರಿ, ಎರಡೂ ಅಂತಿಟ್ಟುಕೊಳ್ಳಿ. ಆದರೆ ಕ್ರಿಂಪ್ ಅತಿಯಾದರೆ ಹಿಡಿತವನ್ನೇ ಕೊಲ್ಲುತ್ತದೆ ಅನ್ನುವುದನ್ನೂ ಬರೆಯಿರಿ. ಹಿತ್ತಾಳೆಗೆ ಪುಟಿಯುವ ಗುಣ ಇದೆ, ಸೀಸಕ್ಕೆ ಇಲ್ಲ. ಅತಿಯಾಗಿ ಒತ್ತಿದಾಗ ಎರಡೂ ಕಿರಿದಾಗುತ್ತವೆ. ಡೈ ಬಿಟ್ಟ ಕ್ಷಣ ಹಿತ್ತಾಳೆ ಚೂರು ಹಿಂದಕ್ಕೆ ಅರಳುತ್ತದೆ, ಸೀಸ ಹಾಗೇ ಉಳಿಯುತ್ತದೆ. ಬಿಗಿ ಮಾಡಲು ಹೋಗಿ ಸಡಿಲ ಮಾಡಿದ ಹಾಗೆ.

ಸೀಸದಕರಗು
ಇದು ಅಕ್ಷರಶಃ ನಿಜ. ಲೀ ಕಂಪನಿಯ ಕಾರ್ಬೈಡ್ ಫ್ಯಾಕ್ಟರಿ ಕ್ರಿಂಪ್ ಡೈ ಬಳಸುವವರು ಗಮನಿಸಿ. ಅದರ ಕೆಳಗಿನ ಉಂಗುರ ಕ್ರಿಂಪ್ ಆದ ಮೇಲೆ ಇಡೀ ಕೇಸನ್ನು ಮತ್ತೊಮ್ಮೆ ಸೈಜ್ ಮಾಡುತ್ತದೆ. ಜಾಕೆಟ್ ಗುಂಡಿಗೆ ತೊಂದರೆ ಇಲ್ಲ. .358 ಅಥವಾ .359 ಎರಕದ ಗುಂಡಾದರೆ, ಕೇಸಿನೊಳಗೇ ಗುಂಡು ಕುಗ್ಗಬಹುದು. ಕುಗ್ಗಿದ ಗುಂಡು ನಳಿಗೆಗೆ ತುಂಬಿ ಕೂರುವುದಿಲ್ಲ, ಬಿಸಿ ಅನಿಲ ಪಕ್ಕದಿಂದ ನುಗ್ಗಿ ನಳಿಗೆಯ ಒಳಗೆಲ್ಲ ಸೀಸ ಮೆತ್ತುತ್ತದೆ. ಒಂದು ತೋಟಾವನ್ನು ಪುಲ್ಲರ್ ಸುತ್ತಿಗೆಯಿಂದ ಬಿಚ್ಚಿ ಗುಂಡಿನ ವ್ಯಾಸ ಅಳೆದರೆ ಗೊತ್ತಾಗುತ್ತದೆ.

ತಕ್ಕಡಿ
ಆ ಡೈ ಉಬ್ಬಿದ ತೋಟಾಗಳನ್ನು ಸರಿಪಡಿಸುತ್ತದೆ ಅಂತ ಜನ ಇಷ್ಟಪಡ್ತಾರೆ. ನನ್ನ ಪ್ರಕಾರ ಉಬ್ಬು ಬರದ ಹಾಗೆ ಮಾಡುವುದೇ ಸರಿ. ಉಬ್ಬನ್ನು ಇಸ್ತ್ರಿ ಮಾಡಿದರೆ ತಪ್ಪು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಒಳಗೆ ಹಾಗೇ ಇರುತ್ತದೆ.

ಹೊಸಬ
ಟೇಪರ್ ಕ್ರಿಂಪ್ ಹಾಕಿದರೆ ಉಬ್ಬಿನ ತಲೆನೋವೇ ಇಲ್ಲವಲ್ಲ? ರಿವಾಲ್ವರಿಗೆ ಯಾಕೆ ಬೇಡ?

ಗೀರುಗೆರೆ
ಬೇಡ ಅಂತಲ್ಲ. ಟೇಪರ್ ಅಂದರೆ ಬಾಯಿಯನ್ನು ಸಣ್ಣ ಇಳಿಜಾರಿನಲ್ಲಿ ಗುಂಡಿಗೆ ಒತ್ತಿಸುವುದು. ರೋಲ್ ಅಂದರೆ ಅಂಚನ್ನು ಗೀರಿನೊಳಕ್ಕೆ ಮಡಚುವುದು. .45 ಎಸಿಪಿ ತರಹದ ರಿಮ್ ಇಲ್ಲದ ಕೇಸು ಬಾಯಿಯ ಅಂಚಿನ ಮೇಲೆ ಚೇಂಬರಿನಲ್ಲಿ ನಿಲ್ಲುತ್ತೆ, ಅದನ್ನು ಮಡಚಿದರೆ ನಿಲ್ಲುವ ಜಾಗವೇ ಹೋಯಿತು, ಹಾಗಾಗಿ ಅಲ್ಲಿ ಟೇಪರ್ ಕಡ್ಡಾಯ. .38 ಸ್ಪೆಷಲ್‌ನಲ್ಲಿ ಹಗುರ ಹೊರೆ (ಕಡಿಮೆ ಮದ್ದು), ಗೀರು ಇಲ್ಲದ ಪ್ಲೇಟೆಡ್ ಗುಂಡು ಇದ್ದರೆ ಟೇಪರ್ ಒಳ್ಳೆಯದು. ಪ್ಲೇಟೆಡ್ ಗುಂಡಿನ ತಾಮ್ರದ ಪದರ ತೆಳು. ರೋಲ್ ಕ್ರಿಂಪ್ ಅದನ್ನು ಕತ್ತರಿಸಿಬಿಟ್ಟರೆ ಗುರಿ ಚದುರುತ್ತೆ, ಪದರ ಕಳಚಿ ನಳಿಗೆಯಲ್ಲಿ ಉಳಿಯುವ ಅಪಾಯವೂ ಇದೆ. ಪೂರ್ತಿ ಶಕ್ತಿಯ ಮ್ಯಾಗ್ನಮ್‌ಗೆ, ಗೀರು ಇರುವ ಗುಂಡಿಗೆ ರೋಲ್.

ಲಿವರ್ರೈಫಲ್
ಅದೇ .357 ತೋಟಾವನ್ನು ಲಿವರ್ ಆಕ್ಷನ್ ರೈಫಲಿಗೂ ಹಾಕುವವರು ನೆನಪಿಡಿ, ಅಲ್ಲಿ ಸಮಸ್ಯೆ ಉಲ್ಟಾ. ಕೊಳವೆ ಮ್ಯಾಗಜಿನ್‌ನಲ್ಲಿ ಸ್ಪ್ರಿಂಗ್ ಒತ್ತಡಕ್ಕೆ ಗುಂಡು ಒಳಕ್ಕೆ ತಳ್ಳಿಕೊಳ್ಳುತ್ತದೆ. ಕೇಸಿನೊಳಗಿನ ಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ. ಒಳ್ಳೆಯ ರೋಲ್ ಕ್ರಿಂಪ್ ಎರಡೂ ಕಡೆಗೆ ತಡೆ.

ನಿಧಾನಉರಿ
ಮದ್ದಿನ ಪ್ರಶ್ನೆಗೆ ಯಾರೂ ಬರಲೇ ಇಲ್ಲ. ನಾನು ಬರುತ್ತೇನೆ.

ಎಚ್110 ನಿಧಾನವಾಗಿ ಉರಿಯುವ ಬಾಲ್ ಪೌಡರ್. ಡಬ್ಲ್ಯೂ296 ಹೆಸರಿನಲ್ಲಿ ಬರುವುದೂ ಅದೇ ಮದ್ದು. ಅದು ಸರಿಯಾಗಿ ಹೊತ್ತಿಕೊಳ್ಳಲು ಮೂರು ಬೇಕು: ಕೇಸು ಹೆಚ್ಚುಕಡಿಮೆ ತುಂಬಿರಬೇಕು, ಪ್ರೈಮರ್ ಬಿಸಿ ಇರಬೇಕು, ಗುಂಡು ಕೆಲ ಕ್ಷಣ ತಡೆದು ನಿಲ್ಲಬೇಕು. ಈ ಮೂರನೆಯದಕ್ಕೇ ಬಿಗಿ ಹಿಡಿತ, ಬಿಗಿ ಕ್ರಿಂಪ್. ಗುಂಡು ಬೇಗ ಹೊರಟುಬಿಟ್ಟರೆ ಒತ್ತಡ ಕಟ್ಟುವುದಿಲ್ಲ, ಮದ್ದು ಅರ್ಧ ಉರಿದು ಉಳಿದದ್ದು ಹಳದಿ ಕಾಳುಗಳಾಗಿ ಸಿಲಿಂಡರಿನಲ್ಲಿ ಉದುರುತ್ತದೆ. ಹಾಗಾಗಿ ಆರುಮನೆಯವರ ತೊಂದರೆ ಸರಿಪಡಿಸಲು ಮದ್ದು ಕಡಿಮೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಈ ಒಂದು ಮದ್ದಿನ ವಿಷಯದಲ್ಲಿ ತಯಾರಕರೇ 3 ಶೇಕಡಾಕ್ಕಿಂತ ಹೆಚ್ಚು ಇಳಿಸಬೇಡಿ ಎಂದು ಹೇಳಿದ್ದಾರೆ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಹಿಂದಿನಿಂದ ಮತ್ತೊಂದು ಹೊಡೆದರೆ ಬಂದೂಕು ಒಡೆಯುತ್ತದೆ.

ಈಗ ಇನ್ನೊಂದು ಬದಿ. ಹಿಮ್ಮೆಟ್ಟು ಹುಟ್ಟುವುದು ಗುಂಡಿನಿಂದ ಮಾತ್ರ ಅಲ್ಲ, ನಳಿಗೆಯಿಂದ ಹೊರಬೀಳುವ ಎಲ್ಲದರಿಂದ. ಉರಿದ ಮದ್ದಿನ ಅನಿಲಕ್ಕೂ ತೂಕ ಇದೆ. ನಿಧಾನ ಮದ್ದು ತೂಕದಲ್ಲಿ ವೇಗದ ಮದ್ದಿನ ಎರಡು ಮೂರು ಪಟ್ಟು ಹೋಗುತ್ತದೆ, ಹಾಗಾಗಿ ಅದೇ ಗುಂಡಿಗೆ ಹಿಮ್ಮೆಟ್ಟು ಹೆಚ್ಚು, ಉಳಿದ ಗುಂಡುಗಳ ಮೇಲಿನ ಎಳೆತವೂ ಹೆಚ್ಚು. ಮೂರು ಇಂಚಿನ ಹಗುರ ಬಂದೂಕಿಗೆ ಈ ಮದ್ದು ನನ್ನ ಮೊದಲ ಆಯ್ಕೆ ಅಲ್ಲ.

ಹೊಸಬ
ಗಿಡ್ಡ ನಳಿಗೆಗೆ ವೇಗದ ಮದ್ದೇ ಹೆಚ್ಚು ವೇಗ ಕೊಡತ್ತೆ ಅಲ್ವಾ? ನಿಧಾನದ್ದು ಹೊರಗೆ ಹೋಗಿ ಉರಿಯತ್ತೆ.

ನಿಧಾನಉರಿ
ಎಲ್ಲೆಲ್ಲೂ ಕೇಳಿಬರುವ ತಪ್ಪು ಕಲ್ಪನೆ. ಉದ್ದ ನಳಿಗೆಯಲ್ಲಿ ಹೆಚ್ಚು ವೇಗ ಕೊಡುವ ಮದ್ದು ಸಾಮಾನ್ಯವಾಗಿ ಗಿಡ್ಡದರಲ್ಲೂ ಹೆಚ್ಚೇ ಕೊಡುತ್ತದೆ, ಅಂತರ ಮಾತ್ರ ಕಿರಿದಾಗುತ್ತದೆ. ಮೂತಿಯ ಹೊರಗೆ ಕಾಣುವ ಬೆಂಕಿಯಲ್ಲಿ ಬಹುಪಾಲು ಬಿಸಿ ಅನಿಲ ಗಾಳಿಗೆ ತಾಗಿ ಹೊತ್ತಿಕೊಂಡದ್ದು. ಆದರೆ ಆ ಚೂರು ಹೆಚ್ಚುವರಿ ವೇಗಕ್ಕೆ ಕಣ್ಣು ಕೋರೈಸುವ ಬೆಂಕಿ, ಕಿವಿಗೆ ಹೊಡೆತ, ಹೆಚ್ಚಿನ ಹಿಮ್ಮೆಟ್ಟು ಮೂರನ್ನೂ ತೆರಬೇಕು. ಗಿಡ್ಡ ನಳಿಗೆಗೆ ಅದು ಲಾಭದ ವ್ಯಾಪಾರ ಅಲ್ಲ.

ತೂಕತಪ್ಪದವ
ಅದಕ್ಕೆ ಮಧ್ಯಮ ಮದ್ದು ಅನ್ನುವುದು. ಯೂನಿಕ್, ಯೂನಿವರ್ಸಲ್ ಈ ಸಾಲಿನವು. ಅಲಯಂಟ್ 2400 ಇವೆರಡಕ್ಕಿಂತ ನಿಧಾನ, ಎಚ್110ಕ್ಕಿಂತ ವೇಗ. 2400ಗೆ ಮ್ಯಾಗ್ನಮ್ ಪ್ರೈಮರ್ ಬೇಕಿಲ್ಲ, ಕಡಿಮೆ ಹೊರೆಯಲ್ಲೂ ಎಚ್110ರಷ್ಟು ಹಟ ಮಾಡುವುದಿಲ್ಲ. ಯೂನಿಕ್ ಚಕ್ಕೆ ಚಕ್ಕೆ ಮದ್ದು, ಪೌಡರ್ ಮೆಷರಿನಲ್ಲಿ (ಮದ್ದು ಅಳೆದು ಸುರಿಯುವ ಸಾಧನ) ಸರಾಗ ಬೀಳುವುದಿಲ್ಲ. ಹಿಡಿಕೆಯನ್ನು ಪ್ರತಿ ಸಲ ಒಂದೇ ಬಲದಲ್ಲಿ, ಒಂದೇ ತಟ್ಟಿನಲ್ಲಿ ಎಳೆಯಬೇಕು. ಹತ್ತಕ್ಕೊಂದು ತೂಗಿ. ಡಬ್ಲ್ಯೂ231 (ಎಚ್‌ಪಿ-38 ಅಂದರೂ ಅದೇ) ನೀರಿನ ಹಾಗೆ ಹರಿಯುತ್ತದೆ, ಆದರೆ ಪೂರ್ತಿ ಮ್ಯಾಗ್ನಮ್ ವೇಗ ಅದರಿಂದ ಬರುವುದಿಲ್ಲ.

ಬ್ಲೂ ಡಾಟ್ ಮದ್ದಿನ ಹೆಸರು ಹೇಳುವವರಿಗೆ: .357ರಲ್ಲಿ 125 ಗ್ರೇನ್ ಗುಂಡಿಗೂ .41 ಮ್ಯಾಗ್ನಮ್‌ಗೂ ಅದನ್ನು ಬಳಸಬೇಡಿ ಎಂದು ತಯಾರಕರು 2008ರಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಹಳೆಯ ಕೈಪಿಡಿಗಳಲ್ಲಿ ಆ ಹೊರೆ ಇನ್ನೂ ಅಚ್ಚಾಗಿ ಕೂತಿದೆ.

ಕಾವಲುಗಾರ
ಇಲ್ಲಿ ಯಾರೂ ಗ್ರೇನ್ ಲೆಕ್ಕದಲ್ಲಿ ಮದ್ದಿನ ತೂಕ ಬರೆಯಬೇಡಿ. ಒಂದು ಅಂಕಿ ತಪ್ಪಿದರೂ ಕೈ ಹೋಗುತ್ತದೆ. ಮದ್ದು ತಯಾರಕರ ಈಗಿನ ಪಟ್ಟಿ ನೋಡಿ, ಗುಂಡಿನ ತೂಕದ ಜೊತೆ ಅದರ ಮಾದರಿಯನ್ನೂ ಹೊಂದಿಸಿ, ಆರಂಭದ ಹೊರೆಯಿಂದ ಶುರುಮಾಡಿ. ನಿಮ್ಮ ದೇಶದ ಪರವಾನಗಿ ಕಾನೂನು ಇದಕ್ಕೆಲ್ಲ ಮೊದಲು.

ತೂಕತಪ್ಪದವ
ಒಪ್ಪಿದೆ. ತೂಕದ ಮಾತಿಲ್ಲದೆ ಒಂದು ಮುಖ್ಯ ವಿಷಯ. ವೇಗದ ಮದ್ದಿನ ದೊಡ್ಡ ಅಪಾಯ ಜೋಡಿ ಹೊರೆ, ಅಂದರೆ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುವುದು. .38 ಸ್ಪೆಷಲ್ ಕರಿಮದ್ದಿನ ಕಾಲದ ಕೇಸು, ಒಳಗೆ ಜಾಗ ಧಾರಾಳ. ಅದರಲ್ಲಿ ಬುಲ್ಸ್‌ಐ ಅಥವಾ ಟೈಟ್‌ಗ್ರೂಪ್ ಹಾಕಿದರೆ ತಳದಲ್ಲಿ ಚಿಟಿಕೆಯಷ್ಟು ಕಾಣುತ್ತದೆ. ಎರಡು ಸಲ ಬಿದ್ದರೂ ಕೇಸು ತುಂಬುವುದಿಲ್ಲ, ಗುಂಡು ಆರಾಮಾಗಿ ಕೂರುತ್ತದೆ. ಹೊಸಬರು ಜಾಗ ತುಂಬುವ ಮದ್ದು ಆರಿಸಿ, ಎರಡನೇ ಸಲ ಬಿದ್ದರೆ ಹೊರಚೆಲ್ಲುವಂಥದ್ದು.

ಹೊಸಬ
ಎಲ್ಲ ಮುಗಿದ ಮೇಲೆ ತೋಟಾಗಳನ್ನು ಒಂದೊಂದಾಗಿ ತೂಗಿದರೆ ಜೋಡಿ ಹೊರೆ ಸಿಕ್ಕಿಬೀಳಲ್ವಾ?

ತಕ್ಕಡಿ
ನಂಬಬೇಡಿ. ಬೇರೆ ಬೇರೆ ಕಂಪನಿಯ ಕೇಸುಗಳ ತೂಕವೇ ಹಲವು ಗ್ರೇನ್ ಹೆಚ್ಚುಕಡಿಮೆ, ಎರಕದ ಗುಂಡಿನದ್ದೂ ಹಾಗೆ. ಸಣ್ಣ ಹೊರೆಯ ವ್ಯತ್ಯಾಸ ಅದರೊಳಗೆ ಮುಳುಗಿಹೋಗುತ್ತದೆ. ಗುಂಡು ಕೂರಿಸುವ ಮೊದಲು ಐವತ್ತು ಕೇಸನ್ನೂ ಲೋಡಿಂಗ್ ಬ್ಲಾಕಿನಲ್ಲಿ ನಿಲ್ಲಿಸಿ, ಟಾರ್ಚ್ ಓರೆಯಾಗಿ ಹಿಡಿದು ಸಾಲು ಸಾಲಾಗಿ ಒಳಗೆ ನೋಡಿ. ಮದ್ದಿನ ಮಟ್ಟ ಒಂದೇ ಸಮ ಕಾಣಬೇಕು. ಒಂದು ಕೇಸಿನಲ್ಲಿ ನೆರಳು ಬೇರೆ ಕಂಡರೂ ಸುರಿದು ತೂಗಿ. ತಕ್ಕಡಿಯನ್ನು ಗೊತ್ತಿರುವ ತೂಕದ ಬಟ್ಟಿನಿಂದ ಮೊದಲು ಪರೀಕ್ಷಿಸಿ, ಫ್ಯಾನ್ ಆರಿಸಿ. ಒಂದು ಗ್ರೇನ್ ಅಂದರೆ 0.0648 ಗ್ರಾಂ, ಅಷ್ಟಕ್ಕೆ ಗಾಳಿಯೂ ಲೆಕ್ಕಕ್ಕೆ ಬರುತ್ತದೆ.

ಒಳಹಿಡಿತ
ವೇಗದ ಮದ್ದು ದೊಡ್ಡ ಕೇಸಿನಲ್ಲಿ ಇದ್ದಾಗ ಇನ್ನೊಂದು ಗುಣ. ಮದ್ದು ಪ್ರೈಮರ್ ಕಡೆ ಕೂತಿದೆಯೋ ಗುಂಡಿನ ಕಡೆ ಕೂತಿದೆಯೋ ಎನ್ನುವುದರ ಮೇಲೆ ವೇಗ ಬದಲಾಗುತ್ತದೆ. ಶೂಟಿಂಗ್ ರೇಂಜಿನಲ್ಲಿ ಮೂತಿ ಗುರಿಯ ಕಡೆಗೇ ಇಟ್ಟು, ಐದು ಸಲ ಸ್ವಲ್ಪ ಮೇಲಿನಿಂದ ನಿಧಾನಕ್ಕೆ ಇಳಿಸಿ ಹೊಡೆಯಿರಿ, ಐದು ಸಲ ಸ್ವಲ್ಪ ಕೆಳಗಿನಿಂದ ಏರಿಸಿ ಹೊಡೆಯಿರಿ. ಕ್ರೋನೋಗ್ರಾಫಿನಲ್ಲಿ (ಗುಂಡಿನ ವೇಗ ಅಳೆಯುವ ಯಂತ್ರ) ಎರಡು ಗುಂಪು ಬೇರೆ ಬೇರೆಯಾಗಿ ಕಂಡರೆ ಆ ಮದ್ದು ಆ ಕೇಸಿಗೆ ಒಗ್ಗಿಲ್ಲ.

ಸೀಸದಕರಗು
ಮದ್ದಿನ ಮಾತು ಬಂದದ್ದಕ್ಕೆ: ಮೇಜಿನ ಮೇಲೆ ಒಂದೇ ಡಬ್ಬಿ. ಕೆಲಸ ಮುಗಿದ ಕೂಡಲೇ ಮೆಷರ್ ಖಾಲಿ ಮಾಡಿ ಅದೇ ಡಬ್ಬಿಗೆ ಸುರಿಯಿರಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಯಾವ ಮದ್ದು ಅಂತ ಅನುಮಾನ ಬರುತ್ತದೆ, ನೈಟ್ರೋಗ್ಲಿಸರಿನ್ ಇರುವ ಮದ್ದು ಪ್ಲಾಸ್ಟಿಕ್ ಕೊಳವೆಯನ್ನು ತಿಂದು ಮಂಜು ಮಾಡುತ್ತದೆ. ಅನುಮಾನ ಬಂದ ಮದ್ದನ್ನು ತೋಟಾಕ್ಕೆ ಹಾಕುವುದೇ ಇಲ್ಲ.

ಆರುಮನೆ
ಕೇಸುಗಳನ್ನು ಈಗ ಅಳೆದೆ. 1.276ರಿಂದ 1.289ರವರೆಗೆ ಇವೆ. ಎಕ್ಸ್‌ಪ್ಯಾಂಡರ್ .3562! ಗುಂಡಿಗೂ ಅದಕ್ಕೂ ಒಂದು ಸಾವಿರಾಂಶದ ಅಂತರವೂ ಇಲ್ಲ. ಕ್ರಿಂಪ್ ಇಲ್ಲದೆ ಕೂರಿಸಿದ ಗುಂಡು ಹೆಬ್ಬೆರಳಿಗೇ ಒಳಗೆ ಹೋಯಿತು.

ಒಳಹಿಡಿತ
ಬಾಗಿಲು ಸಿಕ್ಕಿತು ನೋಡಿ. ಸಣ್ಣ ಎಕ್ಸ್‌ಪ್ಯಾಂಡರ್ ಕಡ್ಡಿ ತರಿಸಿ. ಅಥವಾ ಇದನ್ನೇ ಲೇತ್‌ನಲ್ಲಿ ತಿರುಗಿಸಿ ಎಮೆರಿ ಕಾಗದದಲ್ಲಿ .3545ಕ್ಕೆ ಇಳಿಸಿ ಹೊಳಪು ಮಾಡಿ.

ಹಿತ್ತಾಳೆಪ್ರಿಯ
1.276ರ ಕೇಸುಗಳನ್ನು ಬೇರೆ ಡಬ್ಬಿಗೆ ಹಾಕಿ, ಹಗುರ ಹೊರೆಗೆ ಬಳಸಿ. ಉಳಿದದ್ದನ್ನು 1.280ಕ್ಕೆ ತನ್ನಿ.

ಗೀರುಗೆರೆ
ಆಮೇಲೆ ಪರೀಕ್ಷೆ ಮತ್ತೆ ಮಾಡಿ. ಆರು ತುಂಬಿ, ಒಂದಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ ಉದ್ದ ಬರೆದಿಟ್ಟುಕೊಳ್ಳಿ, ಅದನ್ನು ಕೊನೆಗೆ ಉಳಿಯುವ ಹಾಗೆ ಇಡಿ. ಐದು ಹೊಡೆದು ಅಳೆಯಿರಿ. ಎರಡು ಮೂರು ಸಾವಿರಾಂಶ ಸರಿದರೆ ಚಿಂತೆ ಇಲ್ಲ. ಹತ್ತು ದಾಟಿದರೆ ಆ ಹೊರೆ ಆ ಬಂದೂಕಿಗಲ್ಲ. ಗುಂಡಿನ ಮೂತಿ ಸಿಲಿಂಡರಿನ ಮುಖ ದಾಟಿ ನಳಿಗೆಯ ಹಿಂಬದಿಗೆ ತಾಗಿದರೆ ಸಿಲಿಂಡರ್ ತಿರುಗುವುದೂ ಇಲ್ಲ, ಎಷ್ಟೋ ಸಲ ಪಕ್ಕಕ್ಕೆ ತೆರೆಯುವುದೂ ಇಲ್ಲ. ಒಳಗೆ ಜೀವಂತ ತೋಟಾ ಇರುವಾಗ ಅದನ್ನು ಬಿಡಿಸುವುದು ಬಹಳ ಎಚ್ಚರದ ಕೆಲಸ.

ನಿಧಾನಉರಿ
ಸಿಲಿಂಡರ್ ಸಿಕ್ಕಿಕೊಂಡರೆ ಎಲ್ಲ ಸಲವೂ ಗುಂಡಿನ ತಪ್ಪಲ್ಲ. ಪ್ರೈಮರ್ ಮೇಲೆದ್ದು ಕೂತಿದ್ದರೂ ಹಾಗೇ ಆಗುತ್ತದೆ. ಕೇಸಿನ ಬುಡಕ್ಕಿಂತ 0.003ರಿಂದ 0.005 ಇಂಚು ಒಳಗೆ ಇರಬೇಕು, ಬೆರಳು ಸವರಿದರೆ ಸಣ್ಣ ತಗ್ಗು ಸಿಗಬೇಕು. ಇನ್ನೊಂದು, ಉರಿಯದ ಮದ್ದಿನ ಕಾಳು ಎಕ್ಸ್‌ಟ್ರಾಕ್ಟರಿನ ನಕ್ಷತ್ರದ (ಖಾಲಿ ಕೇಸು ಹೊರದೂಡುವ ಭಾಗ) ಕೆಳಗೆ ಸೇರಿಕೊಳ್ಳುವುದು. ಒಂದೇ ಕಾಳು ಸಾಕು, ಸಿಲಿಂಡರ್ ಮುಚ್ಚಿದ ಮೇಲೆ ಟ್ರಿಗರ್ ಕಲ್ಲಿನ ಹಾಗಾಗುತ್ತದೆ. ಖಾಲಿ ಕೇಸು ಹೊರಹಾಕುವಾಗ ಮೂತಿ ನೇರ ಮೇಲಕ್ಕಿರಲಿ, ಕಡ್ಡಿಯನ್ನು ಒಮ್ಮೆ ಗಟ್ಟಿಯಾಗಿ ಹೊಡೆಯಿರಿ, ಕಾಳು ಕೇಸಿನ ಜೊತೆಗೇ ಕೆಳಗೆ ಬೀಳಲಿ.

ಹೊಸಬ
ಕೊನೆಯ ಪ್ರಶ್ನೆ, ಸ್ವಲ್ಪ ಬೇರೆ. .357 ರಿವಾಲ್ವರಿನಲ್ಲಿ .38 ತುಂಬ ಹೊಡೆದ ಮೇಲೆ .357 ತೋಟಾ ಪೂರ್ತಿ ಇಳೀತಿಲ್ಲ. ಇದೂ ಕ್ರಿಂಪ್ ಉಬ್ಬೇನಾ?

ಸೀಸದಕರಗು
ಅಲ್ಲ. .38ರ ಕೇಸು 1.155, .357ದ್ದು 1.290. 1935ರಲ್ಲಿ ಮ್ಯಾಗ್ನಮ್ ಬಂದಾಗ ಹಳೆಯ .38 ಬಂದೂಕಿಗೆ ಅದು ಹೋಗಬಾರದು ಅಂತಲೇ ಉದ್ದ ಮಾಡಿದರು. ಗಿಡ್ಡ ಕೇಸಿನ ಬಾಯಿಯ ಮುಂದೆ ಮಸಿ, ಸೀಸ ಸೇರಿ ಉಂಗುರ ಕಟ್ಟಿದೆ, ಉದ್ದ ಕೇಸು ಅದಕ್ಕೆ ತಾಗಿ ನಿಲ್ಲುತ್ತಿದೆ. ಬಲವಂತವಾಗಿ ತುರುಕಬೇಡಿ. ಆ ಉಂಗುರ ಕೇಸಿನ ಬಾಯಿಯನ್ನು ಬಿಗಿಹಿಡಿದರೆ ಗುಂಡು ಬಿಡಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ದ್ರಾವಕ ಹಾಕಿ ಹದಿನೈದು ನಿಮಿಷ ನೆನೆಸಿ, ಒಂದು ಸೈಜು ದೊಡ್ಡ ಕಂಚಿನ ಬ್ರಷ್ ಚೇಂಬರಿನಲ್ಲಿ ತಿರುಗಿಸಿ.

ಹೊಸಬ
.40ರ ಬ್ರಷ್ ಇದೆ, ನಡೆಯತ್ತಾ?

ಸೀಸದಕರಗು
ನಡೆಯುತ್ತದೆ. ತಿರುಗಿಸುವುದು ಒಂದೇ ದಿಕ್ಕಿಗೆ, ಇಲ್ಲದಿದ್ದರೆ ಕೂದಲು ಮುರಿಯುತ್ತವೆ.